ಬಾಗಿಲ ಮೇಲಿನ ಹೆಸರು

ಎರಡು ಸಾವಿರದ ಇಸವಿಯ ಆಸುಪಾಸು. ಚಾಮರಾಜಪೇಟೆಯ ನಾವು ಮೂವರು ಗೆಳೆಯರು ಹಳೆಯ ಕಾರಿಗೆ ಜಪಾನಿನ ಇಂಜಿನ್ ಕೂರಿಸಿ ನೇರ ರಸ್ತೆಯಲ್ಲಿ ವೇಗದ ಪೈಪೋಟಿ ನಡೆಸುವ ಡ್ರ್ಯಾಗ್ ರೇಸಿಗೆ ಇಳಿದಿದ್ದೆವು. ಟೈರಿಗೆ ದುಡ್ಡು ಕೊಟ್ಟವರು ತರಕಾರಿ ಮಂಡಿ ಇಟ್ಟಿದ್ದ ನನ್ನ ಸೋದರಮಾವ.

“ಬಾಗ್ಲ ಮೇಲೆ ಮಂಡಿ ಹೆಸ್ರು ಬರ್ಸಪ್ಪ, ಅಷ್ಟು ಸಾಕು” ಎಂದಿದ್ದರು.

ಬರೆಸಿದೆ. ಆದರೆ ರೇಸಿನ ಹಿಂದಿನ ದಿನ ಬೇರೆಯವರ ಕಾರುಗಳ ಮೇಲೆ ದೊಡ್ಡ ದೊಡ್ಡ ಕಂಪನಿಗಳ ಹೆಸರು ಕಂಡವನಿಗೆ ನಮ್ಮ ‘ಈರುಳ್ಳಿ, ಆಲೂಗಡ್ಡೆ ಮಂಡಿ’ ನಾಚಿಕೆಗೇಡೆನಿಸಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಅದರ ಮೇಲೆ ವಿದೇಶಿ ಆಯಿಲ್ ಕಂಪನಿಯ ದೊಡ್ಡ ಸ್ಟಿಕ್ಕರ್ ಅಂಟಿಸಿಬಿಟ್ಟೆ.

ಮಾರನೆಯ ದಿನ ಮಾವ ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ಬಂದರು. ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದರು.

“ಇಷ್ಟ್ ದೊಡ್ಡ ಕಂಪ್ನಿಯವ್ರು ದುಡ್ಡು ಕೊಟ್ರಾ? ಒಳ್ಳೇದಾಯ್ತು ಬಿಡಪ್ಪ, ನಮ್ಮ ಹೆಸ್ರು ಯಾಕೆ.”

ನಾನು ಹೌದೆಂದು ತಲೆಯಾಡಿಸಿದೆ. ಆ ಸ್ಟಿಕ್ಕರನ್ನು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ಕೊಂಡಿದ್ದೆ, ಮಾವನ ದುಡ್ಡಿನಲ್ಲೇ.