ಸೋಲಕಡಿ ಬಣ್ಣದ ಎಣ್ಣೆ

ಮೇಸ್ತ್ರಿಯವರ ಎಡಗೈ ಮೊಣಕೈವರೆಗೆ ಕಪ್ಪು. ಬಲಗೈ ಮಾತ್ರ ಮದುವೆ ಮನೆಯಲ್ಲಿ ಪಾಯಸ ಬಡಿಸುವವರ ಕೈಯಷ್ಟು ಸ್ವಚ್ಛ. ಹುಟ್ಟಿನಿಂದ ಎಡಚರಾದ ಅವರು ಸ್ಪ್ಯಾನರ್, ಗ್ರೀಸ್, ಎಣ್ಣೆ ಎಲ್ಲವನ್ನೂ ಎಡಗೈಯಲ್ಲೇ ಸಂಭಾಳಿಸುತ್ತಿದ್ದರು. ಊಟದ ಕೈಗೆ ಗ್ರೀಸ್ ತಾಗಿಸಬಾರದೆಂದು ಅವರ ತಾಯಿ ಹೇಳಿದ್ದರಂತೆ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಾನೆಟ್ಟಿನೊಳಗೆ ಬಗ್ಗಿದರೆ ದೇವರ ಕೋಣೆಯೊಳಗೆ ಇಣುಕುವವರ ಹಾಗೆ ಕಾಣುತ್ತಿದ್ದರು.

ಹೊನ್ನಾವರದಲ್ಲಿ ಹೆದ್ದಾರಿಯ ಪಕ್ಕ ಅವರದೊಂದು ತಗಡಿನ ಶೆಡ್ಡು. ನಾನು ಸೈನ್ಯದಲ್ಲಿ ಹದಿನೇಳು ವರ್ಷ ಲಾರಿ ಓಡಿಸಿ, ಹವಾಲ್ದಾರನಾಗಿ ನಿವೃತ್ತನಾಗಿ ಮಿರ್ಜಾನಿಗೆ ಮರಳಿದವನು. ತೊಂಬತ್ತರ ದಶಕದ ಕೊನೆಯಲ್ಲಿ ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರ ಮನೆಯಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ವಾರವಿಡೀ ಅಲ್ಲೇ ಹೊರಗಿನ ಕೋಣೆಯಲ್ಲಿದ್ದು ಭಾನುವಾರ ಊರಿಗೆ ಬರುತ್ತಿದ್ದೆ. ಸಾಹೇಬರು ಬಹಳ ವರ್ಷ ದುಬೈಯಲ್ಲಿದ್ದು ಬಂದವರು. ಮುಂಬಯಿಯಿಂದ ಹಳೆಯದೊಂದು ದೊಡ್ಡ ವಿದೇಶಿ ಗಾಡಿ ಕೊಂಡು ತಂದಿದ್ದರು. ಚರ್ಮದ ಸೀಟು, ಏರಲು ಮೆಟ್ಟಿಲು, ಕ್ಲಚ್ಚೇ ಇಲ್ಲದೆ ತಾನಾಗಿ ಬದಲಾಗುವ ಗೇರು. ಬೇರಾವ ಶೋಕಿಯೂ ಇಲ್ಲದ ಮನುಷ್ಯನಿಗೆ ಅದೊಂದೇ ಶೋಕಿ.

ಸಣ್ಣಪುಟ್ಟ ಕೆಲಸಕ್ಕೆ ನಾನು ಮೇಸ್ತ್ರಿಯವರಲ್ಲಿಗೇ ಹೋಗುತ್ತಿದ್ದೆ. ಅವರು ಗಾಡಿ ಬಂದ ಕೂಡಲೇ ಬಾನೆಟ್ ತೆಗೆಯುವವರಲ್ಲ. ಮೊದಲು ಡ್ರೈವರನನ್ನು ಬೆಂಚಿನ ಮೇಲೆ ಕೂರಿಸಿ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿಸುತ್ತಿದ್ದರು. ಯಾವಾಗ ಹೊರಟಿರಿ, ಎಷ್ಟು ಜನ ಇದ್ದರು, ಏರಿನಲ್ಲೋ ಇಳುಕಲಿನಲ್ಲೋ. “ಗಾಡಿ ಸುಳ್ಳು ಹೇಳೂದಿಲ್ಲ, ಡ್ರೈವರ್ರು ಹೇಳ್ತ್ರು” ಎನ್ನುವುದು ಅವರ ಮಾತು. ನನಗೆ ಅದು ತಾಗುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಎಣ್ಣೆ, ನೀರು, ಟಯರು ನೋಡಿ, ಒರೆಸಿ, ಪುಸ್ತಕದಲ್ಲಿ ಬರೆದಿಡುವುದು ನನ್ನ ಕ್ರಮ. ಒಂದು ದಿನವೂ ತಪ್ಪಿಸಿದವನಲ್ಲ. ಇತರ ಡ್ರೈವರುಗಳ ಎದುರು ಮೇಸ್ತ್ರಿಯವರು ನನ್ನನ್ನೇ ತೋರಿಸಿ, ಗಾಡಿ ಇಟ್ಟುಕೊಳ್ಳುವುದನ್ನು ಇವರಿಂದ ಕಲಿಯಿರಿ ಎನ್ನುತ್ತಿದ್ದರು. ನಾನು ಎದೆಯುಬ್ಬಿಸಿ ನಿಲ್ಲುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಒಂದು ದಿನ, ಸಾಹೇಬರ ನೆಂಟರನ್ನು ಕುಮಟಾದಲ್ಲಿ ಇಳಿಸಿ ಒಬ್ಬನೇ ಮರಳುತ್ತಿದ್ದೆ. ಹೊನ್ನಾವರ ಸಮೀಪಿಸುವಾಗ ಏರಿನಲ್ಲಿ ಇಂಜಿನ್ ಅಬ್ಬರಿಸಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಲಾರಿಯೊಂದಕ್ಕೆ ಹಗ್ಗ ಕಟ್ಟಿ ಎಳೆಸಿಕೊಂಡು ಶೆಡ್ಡಿಗೆ ತಂದೆ. ಎದುರಿನ ಬೂತಿನಿಂದ ಸಾಹೇಬರಿಗೆ ಫೋನ್ ಮಾಡಿದೆ. ಅವರು ಪೇಟೆಯ ದೊಡ್ಡ ಗ್ಯಾರೇಜಿಗೆ ವಿಚಾರಿಸಿ ಮತ್ತೆ ಫೋನ್ ಮಾಡಿದರು. ಗೇರ್‌ಬಾಕ್ಸ್ ಇಡಿಯಾಗಿ ಹೊರದೇಶದಿಂದ ತರಿಸಬೇಕು, ಖರ್ಚು ಗಾಡಿಯ ಅರ್ಧ ಬೆಲೆಗೆ ಬರುತ್ತದೆ ಎಂದಿದ್ದರಂತೆ. ಅಷ್ಟು ಹಾಕಲಾರೆ, ಸಂಜೆ ಬಂದು ನೋಡಿ ಗುಜರಿಗೆ ಕೊಟ್ಟುಬಿಡುತ್ತೇನೆ ಎಂದರು. ಆಮೇಲೆ ನಿಮಗೂ ಬೇರೆ ಕಡೆ ಕೆಲಸ ಹುಡುಕೋಣ ಎಂದು ಮೆತ್ತಗೆ ಸೇರಿಸಿದರು. ಆಗ ನನ್ನ ಇಬ್ಬರು ಹೆಣ್ಣುಮಕ್ಕಳೂ ಕುಮಟಾದಲ್ಲಿ ಕಾಲೇಜು ಓದುತ್ತಿದ್ದರು.

ನಾನು ಬೂತಿನಿಂದ ಹೊರಬರುವಷ್ಟರಲ್ಲಿ ಮೇಸ್ತ್ರಿಯವರು ಗೇರ್ ಎಣ್ಣೆ ಅಳೆಯುವ ಕಡ್ಡಿಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಆ ಎಣ್ಣೆ ಕೆಂಪಗೆ ತಿಳಿಯಾಗಿರಬೇಕು. ಕಡ್ಡಿಯಲ್ಲಿ ಇದ್ದದ್ದು ಊಟದ ಕೊನೆಗೆ ಕುಡಿಯಲು ಮುರುಗಲ ಹಣ್ಣಿನ ರಸಕ್ಕೆ ತೆಂಗಿನ ಹಾಲು ಬೆರೆಸಿದಂಥ ನಸುಗುಲಾಬಿ.

“ಇದು ಎಣ್ಣೆ ಅಲ್ಲ ಹವಾಲ್ದಾರ್ರೇ, ಸೋಲಕಡಿ” ಎಂದರು. ನಗಲಿಲ್ಲ.

ರೇಡಿಯೇಟರಿನ ತಳದಲ್ಲಿ ಗೇರ್ ಎಣ್ಣೆ ತಣಿಯಲೆಂದು ಒಂದು ಸಣ್ಣ ಕೊಳವೆ ಇರುತ್ತದೆ. ಅದು ತೂತುಬಿದ್ದು ನೀರು ಎಣ್ಣೆಗೆ ಸೇರಿದೆ, ರೋಗ ಹುಟ್ಟಿದ್ದು ಗೇರ್‌ಬಾಕ್ಸಿನಲ್ಲಲ್ಲ ಎಂದು ವಿವರಿಸಿದರು. ಆಮೇಲೆ ಬೆಂಚಿನ ಮೇಲೆ ಕೂರಿಸಿ, ರೇಡಿಯೇಟರಿಗೆ ಯಾವ ನೀರು ಹಾಕುತ್ತೀರಿ ಎಂದು ಕೇಳಿದರು. ಸಾಹೇಬರ ಮನೆಯ ಬಾವಿಯದು, ದಿನವೂ ಬೆಳಿಗ್ಗೆ, ಒಂದು ದಿನವೂ ತಪ್ಪಿಸದೆ ಎಂದೆ.

“ಸಾಹೇಬ್ರ ಮನೆ ಸಮುದ್ರದ ಬುಡಕ್ಕೇ ಅಲ್ದಾ? ಆ ನೀರಲ್ಲಿ ಚಾ ಮಾಡ್ತ್ರಾ?”

“ಇಲ್ಲ. ಉಪ್ಪು.”

“ನೀವು ಕುಡಿಯದ್ದನ್ನ ಅದಕ್ಕೆ ಕುಡಿಸಿದ್ರಿ.”

ರೇಡಿಯೇಟರಿನಲ್ಲಿದ್ದ ತುಕ್ಕು ತಡೆಯುವ ಹಸಿರು ದ್ರವ ಕಡಿಮೆಯಾದಂತೆಲ್ಲ ನಾನು ಉಪ್ಪುನೀರು ತುಂಬಿದ್ದೆ. ಲಾರಿಗೆ ಕಲಿತದ್ದನ್ನು ಈ ಗಾಡಿಗೂ ಮಾಡಿದ್ದೆ. ನಾಲ್ಕು ವರ್ಷದ ಶಿಸ್ತೇ ಕೊಳವೆಯನ್ನು ತಿಂದುಹಾಕಿತ್ತು. ಗಾಡಿ ಹಳೆಯದು, ಅದಕ್ಕೇ ಹೀಗಾಯಿತು ಎಂದು ಸಾಹೇಬರಿಗೆ ಹೇಳಿಬಿಡಿ ಎಂದು ಬೇಡಿಕೊಂಡೆ. ಅಷ್ಟು ವಯಸ್ಸಿನಲ್ಲಿ ಯಾರ ಮುಂದೆಯೂ ಹಾಗೆ ಬೇಡಿದವನಲ್ಲ.

ಮೇಸ್ತ್ರಿಯವರು ಕಡ್ಡಿಯನ್ನು ಒರೆಸಿ ಅದರ ಜಾಗಕ್ಕೆ ಸೇರಿಸಿದರು. “ತೂತಿಂದು ನಾ ಹೇಳ್ತೆ. ನೀರಿಂದು ನಾ ಹೇಳೂದಿಲ್ಲ, ಅದು ನೀವು ಹೇಳ್ಬೇಕು. ಇಲ್ದಿದ್ರೆ ಸಾಹೇಬ್ರು ಈ ಗಾಡೀನೇ ಬೈಕಂಡು ಇರ್ತ್ರು. ಪಾಪ, ಅದರದ್ದೆಂತ ತಪ್ಪು?”

ಸಂಜೆ ಸಾಹೇಬರು ಬಂದರು. ಮೇಸ್ತ್ರಿಯವರು ತೂತಿನ ವಿಷಯವಷ್ಟೇ ಹೇಳಿ, ಕೈ ತೊಳೆಯುವ ನೆಪದಲ್ಲಿ ಶೆಡ್ಡಿನ ಹಿಂದೆ ಹೋದರು. ನಾನು ನೆಟ್ಟಗೆ ನಿಂತು ವರದಿ ಒಪ್ಪಿಸುವವನ ಹಾಗೆ ನೀರಿನ ವಿಷಯ ಹೇಳಿದೆ. ಸಾಹೇಬರು ಬಾನೆಟ್ಟಿನೊಳಗೆ ಬಗ್ಗಿ ರೇಡಿಯೇಟರಿನ ಮುಚ್ಚಳ ಮುಟ್ಟಿ ನೋಡಿದರು.

“ಆ ನೀರನ್ನು ನಮ್ಮ ಮನೆಯಲ್ಲಿ ಬಟ್ಟೆ ಒಗೆಯೋಕೂ ಮುಟ್ಟಲ್ಲ, ಹವಾಲ್ದಾರ್” ಎಂದರು. “ನಾಲ್ಕು ವರ್ಷ ನೀವು ಬಾವಿಯಿಂದ ನೀರು ಸೇದೋದು ಕಿಟಕಿಯಿಂದ ನೋಡಿದ್ದೇನೆ. ಗಾಡಿ ತೊಳೆಯೋಕೆ ಅಂದ್ಕೊಂಡೆ. ನಾನೂ ಕೇಳಲಿಲ್ಲ.” ಮತ್ತೆ ಮೇಸ್ತ್ರಿಯವರನ್ನು ಕರೆದು, ಆಗುವುದಿದ್ದರೆ ನೀವೇ ನೋಡಿ ಎಂದರು.

ಮೇಸ್ತ್ರಿಯವರು ಭರವಸೆ ಕೊಡಲಿಲ್ಲ. ಗೇರ್‌ಬಾಕ್ಸಿನ ಒಳಗಿನ ಪ್ಲೇಟುಗಳು ನೀರು ಕುಡಿದು ಕೆಟ್ಟಿದ್ದರೆ ತನ್ನಿಂದಾಗದು, ಉಳಿದಿದ್ದರೆ ಓಡುತ್ತದೆ ಎಂದರು. ಹೊಸ ರೇಡಿಯೇಟರ್ ಬರಲು ಎಂಟು ದಿನ. ಆಮೇಲೆ ಎಣ್ಣೆ ಇಳಿಸಿ, ಹೊಸದು ತುಂಬಿ, ಇಂಜಿನ್ ಓಡಿಸಿ, ಮತ್ತೆ ಇಳಿಸಿದೆವು. ಇಳಿಸುವ ಕೆಲಸ ನನ್ನದೇ. ಮೊದಲ ಸಲ ಗುಲಾಬಿ, ಎರಡನೆಯ ಸಲ ಮಬ್ಬು, ಮೂರನೆಯ ಸಲವೂ ಮೇಸ್ತ್ರಿಯವರು ಸಾಲದೆಂದು ತಲೆಯಾಡಿಸಿದರು. ನಾಲ್ಕನೆಯ ಸಲ ಕೆಂಪಗೆ ಇಳಿಯಿತು. ಅದೇ ಏರಿಗೆ ಹೋದೆವು. ಅರ್ಧದಲ್ಲಿ ಗಾಡಿ ಒಮ್ಮೆ ತಡವರಿಸಿತು, ಆಮೇಲೆ ಹತ್ತಿತು.

“ಆತು” ಎಂದರು, ಅಷ್ಟೇ. ಬೆಳಗಿನ ಚಳಿಗೆ ಆ ತಡವರಿಕೆ ಕೊನೆಯವರೆಗೂ ಉಳಿಯಿತು. ಅದನ್ನು ಕೆದಕಲು ಅವರು ಬಿಡಲಿಲ್ಲ.

ಗಾಡಿ ಇನ್ನೂ ಆರು ವರ್ಷ ಓಡಿತು. ನನ್ನ ಮಕ್ಕಳ ಓದೂ ಮುಗಿಯಿತು. ಅಷ್ಟರಲ್ಲಿ ಒಂದು ಮಳೆಗಾಲ ಮೇಸ್ತ್ರಿಯವರು ಕಾಮಾಲೆಯಿಂದ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಸಾಹೇಬರೂ ನಾನೂ ಅದೇ ಗಾಡಿಯಲ್ಲಿ ಹೊನ್ನಾವರದ ಹೊಳೆಯಾಚೆ ಕಾಸರಕೋಡದ ಅವರ ಮನೆಗೆ ಹೋದೆವು. ಅವರ ಹೆಂಡತಿ ಚಾಪೆ ಹಾಕಿ ಕೂರಿಸಿ ನನ್ನ ಮುಖ ನೋಡಿದರು.

“ಭಟ್ಕಳದ ಹವಾಲ್ದಾರ್ರು ನೀವೇ ಅಲ್ದಾ? ಗಾಡಿ ಇಟ್ಕಂಡ್ರೆ ಅವರ ಹಂಗೆ ಇಟ್ಕಬೇಕು ಅಂತಿದ್ರು. ಹಾಸಿಗೆ ಹಿಡಿದ ಮೇಲೂ ಅಂದ್ರು.”

ಅಂದರೆ ನನ್ನ ತಪ್ಪನ್ನು ಆ ಮನುಷ್ಯ ಹೆಂಡತಿಗೂ ಹೇಳಿರಲಿಲ್ಲ. ಆಕೆ ಚಾ ತಂದಿಟ್ಟರು. ನಾನು ಲೋಟ ಮುಟ್ಟುವ ಮೊದಲು, ಹಾಗಲ್ಲ ಅಮ್ಮ ಎಂದು ಶುರುಮಾಡಿ, ಬಾವಿಯ ನೀರಿನ ವಿಷಯವನ್ನು ಮೊದಲಿಂದ ಹೇಳಿದೆ.