ಹುಟ್ಟುಹಬ್ಬದ ಮನೆಯ ವಿಳಾಸ

ಪಾವೆಲ್‌ನ ಮನೆಯ ವಿಳಾಸವನ್ನು ಅವರು ನನ್ನಿಂದ ಕಿತ್ತುಕೊಂಡರೋ, ನಾನೇ ಕೊಟ್ಟೆನೋ—ಖಚಿತವಾಗಿ ಹೇಳಲಾರೆ. ನಲವತ್ತು ವರ್ಷ ಈ ಕತೆಯನ್ನು ನನಗೆ ನಾನೇ ಹೇಳಿಕೊಂಡಿದ್ದೇನೆ. ಹೇಳಿದಷ್ಟೂ ಸಲ ನನ್ನ ತಪ್ಪು ಒಂದಿಷ್ಟು ಸಣ್ಣದಾಗಿದೆ. ಆದ್ದರಿಂದ ನನ್ನ ನೆನಪನ್ನು ನಂಬಬೇಡಿ. ನಾನೂ ನಂಬುವುದಿಲ್ಲ. ಆ ವಿಳಾಸದಿಂದಾಗಿ ಒಬ್ಬ ಗೆಳೆಯ ಮೂರು ವರ್ಷ ಜೈಲಿನಲ್ಲಿದ್ದ—ಇಷ್ಟು ನಿಜ.

ಎಂಬತ್ತರ ದಶಕದ ಆರಂಭ. ಮಂಗಳೂರಿನ ಕ್ಯಾಥೋಲಿಕ್ ಮನೆಯಿಂದ, ಸೋವಿಯತ್ ಸರಕಾರದ ವಿದ್ಯಾರ್ಥಿವೇತನದ ಮೇಲೆ, ವೊಲ್ಗಾ ತೀರದ ಒಂದು ಊರಿಗೆ ವೈದ್ಯಕೀಯ ಓದಲು ಹೋಗಿದ್ದೆ. ವಿಕ್ಟರ್ ಎಂಬ ಹೆಸರು ಅಲ್ಲಿಯವರಿಗೆ ತಮ್ಮದೇ ಅನ್ನಿಸಿತು. ಮೊದಲ ವಾರದಲ್ಲೇ ವೀತ್ಯಾ ಆದೆ. ದೇವರನ್ನು ಅಷ್ಟು ಹೊತ್ತಿಗಾಗಲೇ ಬಿಟ್ಟಿದ್ದೆ. ಸಹಪಾಠಿ ಪಾವೆಲ್‌ಗೆ ಅದು ಗೊತ್ತಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಅಮ್ಮ ತುರುಕಿದ್ದ ಜಪಮಾಲೆಯನ್ನಷ್ಟೇ ಅವನು ಕಂಡಿದ್ದ. ಒಂದು ಭಾನುವಾರ, "ನಮ್ಮನೇಲಿ ಹುಟ್ಟುಹಬ್ಬ, ಬಾ" ಎಂದ.

ಹೋದೆ. ಕೇಕ್ ಇತ್ತು. ಪರದೆ ಎಳೆದಿದ್ದರು. ಹುಟ್ಟುಹಬ್ಬ ಯಾರದೂ ಅಲ್ಲ. ಹತ್ತು ಹನ್ನೆರಡು ಮಂದಿ ಬ್ಯಾಪ್ಟಿಸ್ಟರು, ಸರಕಾರದ ಅನುಮತಿಯಿಲ್ಲದ ಪ್ರಾರ್ಥನಾಸಭೆ, ಪಿಸುದನಿಯಲ್ಲಿ ಹಾಡು. ಪಾವೆಲ್‌ನ ಅಮ್ಮ ನನ್ನ ತಟ್ಟೆಗೆ ಎರಡನೇ ತುಂಡು ಹಾಕಿ, "ತಿನ್ನು ಮಗನೇ, ನಿನ್ನಮ್ಮ ದೂರ ಇದ್ದಾಳೆ" ಎಂದರು.

ಎರಡು ವಾರದ ನಂತರ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಕರೆ ಬಂತು. ಗುರುತಿಲ್ಲದ ಅಧಿಕಾರಿಯೊಬ್ಬ ಕೂತಿದ್ದ. ಆ ಭಾನುವಾರ ಯಾರ ಮನೆಗೆ ಹೋಗಿದ್ದೆ ಎಂದು ಕೇಳಿದ. ಹೇಳದಿದ್ದರೆ ಓದು ನಿಲ್ಲಬಹುದು, ಊರಿಗೆ ಮರಳಬೇಕಾಗಬಹುದು ಎಂದು ಮೆತ್ತಗೆ ಹೇಳಿದ. ನನ್ನ ನೋಟ್‌ಬುಕ್ ಮೇಜಿನ ಮೇಲೆ ಇಡಿಸಿಕೊಂಡ. ಅದರಲ್ಲಿ ವಿಳಾಸ ಇತ್ತು, ಅವನು ನೋಡಿಬಿಟ್ಟ, ನಾನೇನು ಮಾಡಲಿ—ಹೆಂಡತಿ ಸ್ಟೆಲ್ಲಾಗೆ ನಾನು ಹೇಳಿದ್ದ ಕತೆ ಇದೇ. ಎಷ್ಟು ಸಲ ಹೇಳಿದ್ದೆನೆಂದರೆ, ಅವನ ಬೆರಳು ಪುಟ ತಿರುಗಿಸುವುದೂ ನನಗೆ ಕಾಣುತ್ತಿತ್ತು.

ಈ ವರ್ಷ ಪಾವೆಲ್‌ನಿಂದ ಸಂದೇಶ ಬಂತು. ಅವನ ಮಗಳು ವೇರಾ ಕೌಲಾಲಂಪುರದಲ್ಲಿ ಕೆಲಸಕ್ಕಿದ್ದಾಳೆ. ಅವಳನ್ನು ನೋಡಲು ಬಂದಿದ್ದ. ಅಲ್ಲಿಂದ ಎರಡು ಗಂಟೆ ದೂರದ ಮೆಲಾಕಾದ ವೈದ್ಯಕೀಯ ಕಾಲೇಜಿನಲ್ಲಿ ನಾನು ಪಾಠ ಮಾಡುವುದನ್ನು ಯಾವುದೋ ಹಳೆಯ ವಿದ್ಯಾರ್ಥಿಗಳ ಗುಂಪಿನಿಂದ ತಿಳಿದುಕೊಂಡಿದ್ದ. ಆ ದಿನವೇ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ವಿಳಾಸ ಇತ್ತು—ಕನ್ನಡದಲ್ಲಿ. ಬೀದಿಯ ಹೆಸರು ಕನ್ನಡ ಅಕ್ಷರದಲ್ಲಿ, ಮನೆಯ ಸಂಖ್ಯೆ ಕನ್ನಡ ಅಂಕಿಯಲ್ಲಿ. ಯಾರಿಗೂ ತಿಳಿಯದಿರಲೆಂದೇ ಹಾಗೆ ಬರೆದುಕೊಂಡಿದ್ದೆ. ಆ ಕೋಣೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಅಂದರೆ—ನಾನೇ ಓದಿ ಹೇಳಿದೆ. ಬಹುಶಃ ಒಳ್ಳೆಯ ಉಚ್ಚಾರಣೆಯಲ್ಲಿ.

ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ, ಮಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಚಹಾ ಅಂಗಡಿಯೊಂದರಲ್ಲಿ ಭೇಟಿಯಾದೆವು.

"ವೀತ್ಯಾ! ಎಷ್ಟು ದಪ್ಪಗಾಗಿದ್ದೀಯೋ!"

ಚಹಾ ಬರುವ ಮೊದಲೇ ಹೇಳಿಬಿಟ್ಟೆ: "ನಿನ್ನ ವಿಳಾಸ ಓದಿ ಹೇಳಿದ್ದು ನಾನು."

"ಗೊತ್ತು. ವಿಚಾರಣೆಯ ಮೊದಲ ದಿನವೇ ಆ ಅಧಿಕಾರಿ ಹೇಳಿದ. ಅವನೀಗ ನಮ್ಮ ಸಭೆಗೆ ಬರ್ತಾನೆ. ಭಾನುವಾರ ಕುರ್ಚಿ ಜೋಡಿಸ್ತಾನೆ."

"ಅವನನ್ನ ನಂಬ್ತೀಯಾ?"

"ಕುರ್ಚಿ ವಿಷಯದಲ್ಲಿ ನಂಬ್ತೀನಿ." ನಕ್ಕ. "ಅವನು ಎಲ್ಲರ ಮುಂದೆ ನಿಂತು ಕ್ಷಮೆ ಕೇಳಿದ, ಕೊಟ್ವಿ. ನೀನು ಕೇಳೋ ಮೊದಲೇ ನಿನಗೂ ಕೊಟ್ಟಾಗಿದೆ."

ನನಗೆ ಸಿಟ್ಟು ಬಂತು. ಕಾಲ ಹಾಗಿತ್ತು, ಹುಡುಗ ಹೆದರಿದ್ದ ಎಂದು ಇವನು ನನ್ನನ್ನು ಸಣ್ಣವನನ್ನಾಗಿ ಮಾಡುತ್ತಿದ್ದಾನೆ ಅನ್ನಿಸಿತು. "ನನಗೆ ಬೇಡ," ಎಂದೆ. "ನಾನು ಮಾಡಿದ್ದು ನನ್ನದು. ನನ್ನ ಹತ್ತಿರವೇ ಇರಲಿ."

"ಇಟ್ಕೋ. ಅದು ನಿನ್ನದೇ. ಕ್ಷಮೆ ನನ್ನದು—ಅದನ್ನ ಏನು ಮಾಡ್ಬೇಕು ಅಂತ ನೀನು ಹೇಳ್ಬೇಡ."

ಚಹಾ ಬಂತು. ಆಮೇಲೆ, ಕೇಳಲು ಹೆದರಿದ್ದನ್ನು ಕೇಳಿದೆ: "ಅಮ್ಮ?"

ಬಿಡುಗಡೆಯಾಗಿ ಬಂದ ದಿನ ಅಮ್ಮನೇ ಬಾಗಿಲು ತೆಗೆದರು ಎಂದ. ಗುರುತೇ ಸಿಗದೆ "ಯಾರು ಬೇಕಪ್ಪಾ?" ಎಂದರಂತೆ. ಅವನು ಹೇಳಿದ್ದು ಹೀಗೆ—ಅಥವಾ ನನಗೆ ಕೇಳಿಸಿದ್ದು. ನನ್ನ ರಷ್ಯನ್‌ಗೆ ತುಕ್ಕು ಹಿಡಿದಿದೆ. ಅಂಗಡಿಯ ಟೀವಿಯಲ್ಲಿ ಫುಟ್‌ಬಾಲ್ ಅಬ್ಬರಿಸುತ್ತಿತ್ತು.

ಮನೆಯಲ್ಲಿ ಸ್ಟೆಲ್ಲಾ ಕಾದಿದ್ದಳು. ಅವಳು ಮೈಸೂರಿನವಳು, ಬಿಡದೆ ಪ್ರತಿ ವಾರ ಚರ್ಚಿಗೆ ಹೋಗುವವಳು.

"ರೀ, ಕ್ಷಮೆ ಕೇಳಿದ್ರಾ?"

"ಇಲ್ಲ."

"ಮತ್ತೆ ಅಷ್ಟು ದೂರ ಹೋಗಿದ್ದು ರೊಟ್ಟಿ ಚಾನಾಯ್ ತಿನ್ನೋಕಾ?"

ತನ್ನ ಪ್ರಾರ್ಥನಾ ಗುಂಪಿನಲ್ಲಿ ಇದನ್ನೆಲ್ಲ ಹೇಳಿ ಎಂದಳು, ಎಲ್ಲರಿಗೂ ಒಳ್ಳೆಯದಾಗುತ್ತದಂತೆ. ಹೇಳುವುದಿಲ್ಲ. ನನ್ನ ತಪ್ಪು ಯಾರ ಭಕ್ತಿಯನ್ನೂ ಬೆಳೆಸಬೇಕಾಗಿಲ್ಲ. ಯಾರ ಕಣ್ಣೀರೂ ಅದಕ್ಕೆ ಬೇಡ. ಇಲ್ಲಿ ಬರೆಯುತ್ತಿರುವುದೂ ಹಗುರಾಗಲಿಕ್ಕಲ್ಲ—ನೋಟ್‌ಬುಕ್ಕಿನ ಆ ಸುಳ್ಳು ಇನ್ನು ನನ್ನ ಬಾಯಲ್ಲಿ ಬರಬಾರದು, ಅದಕ್ಕೆ.

ಆದರೂ ಆ ವಾರವೆಲ್ಲ ಹಗುರಾಗಿಯೇ ಇದ್ದೆ. ಅಮ್ಮ ಬಾಗಿಲು ತೆಗೆದರಲ್ಲ! ಮೂರು ವರ್ಷ ಹೋಯಿತು, ಆದರೆ ತಾಯಿ ಮಗನನ್ನು ಕಂಡಳು. ಇಷ್ಟು ಸುಲಭವಾಗಿ ಸಮಾಧಾನ ಕೊಡುವ ಯಾವುದನ್ನೂ ನಾನು ಪರೀಕ್ಷಿಸದೆ ಬಿಟ್ಟವನಲ್ಲ—ನನ್ನ ಸ್ವಂತ ನೆನಪೊಂದನ್ನು ಬಿಟ್ಟು. ಅಜ್ಜಿಯ ಸಮಾಧಿಯ ಚಿತ್ರವಿದ್ದರೆ ಕಳಿಸು ಎಂದು ವೇರಾಳಿಗೆ ಬರೆದೆ. ಕಳಿಸಿದಳು. ಕಲ್ಲಿನ ಮೇಲಿನ ಅಂಕಿಗಳನ್ನು ದೊಡ್ಡದು ಮಾಡಿ ನೋಡಿದೆ, ಅವಳನ್ನೂ ಕೇಳಿ ಖಚಿತಪಡಿಸಿಕೊಂಡೆ. ಪಾವೆಲ್ ಜೈಲು ಸೇರಿದ ಮರುವರ್ಷವೇ ಅವನ ಅಮ್ಮ ತೀರಿಕೊಂಡಿದ್ದರು.