ಒಳ್ಳೆಯ ದಿನಕ್ಕೆ ದೃಷ್ಟಿಬೊಟ್ಟು

ಚೀಲ ಬಿಚ್ಚಿದೊಡನೆ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಅಡರಿತು. ಒಳಗೆ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಪೈಠಣಿ ಸೀರೆ, ನೇರಳೆ ಬಣ್ಣ, ಸೆರಗಿನ ತುಂಬ ನವಿಲು. ಒಂದು ಸಲವೂ ಉಟ್ಟದ್ದಲ್ಲ. ಬಿಚ್ಚಲು ಹೋದರೆ ಮಡಿಚಿದ ಗೆರೆಯುದ್ದಕ್ಕೂ ರೇಷ್ಮೆ ಸೀಳತೊಡಗಿತು. ಸಂಭಾಜಿನಗರದಿಂದ ನಾಸಿಕದ ನಮ್ಮ ಮನೆಗೆ ಅದನ್ನು ಹೊತ್ತು ತಂದ ಕಾಕಾ ಎದುರಿಗೇ ಕೂತಿದ್ದರು. ಅವರ ಹೆಂಡತಿ ಕಾಕು ತೀರಿಕೊಂಡು ತಿಂಗಳಾಗಿತ್ತು.

ಚಿಕ್ಕಮ್ಮ ಎಂಬ ಅರ್ಥದಲ್ಲಿ ಕಾಕು ಎನ್ನುತ್ತಿದ್ದೆನಾದರೂ ಅವಳು ನಮ್ಮ ಬಳಗದವಳಲ್ಲ, ಕೆಳಗಿನ ಮನೆಯವಳು. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಸಂಭಾಜಿನಗರಕ್ಕೆ ಹೋದಾಗ ಇಡೀ ಬಿಲ್ಡಿಂಗಿನಲ್ಲಿ ಕನ್ನಡ ಕೇಳಿಸಿದ್ದು ಅವಳ ಬಾಗಿಲಿನಿಂದ ಮಾತ್ರ. ಬೀದರದವರು, ಮಕ್ಕಳಿರಲಿಲ್ಲ. ಕಾಕಾ ವಾಳೂಜದ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದರು. ನನಗೆ ಧಾರಾವಾಹಿಯ ಹುಚ್ಚು ಹಿಡಿಸಿದವಳು ಅವಳೇ. ಅದು ಇನ್ನೂ ಬಿಟ್ಟಿಲ್ಲ. ಈಗ ಮೊಬೈಲಿನಲ್ಲಿ ಕೊರಿಯಾದ್ದು, ಟರ್ಕಿಯದ್ದು ಎಲ್ಲ ನೋಡುತ್ತೇನೆ, ಕಾಕುವಿನ ಲೆಕ್ಕಾಚಾರ ಎಲ್ಲಿಯೂ ತಪ್ಪಿಲ್ಲ. ಯಾವ ಪಾತ್ರ ಸಾಯುವುದಿದೆಯೋ ಅದಕ್ಕೆ ಮೊದಲು ಒಂದು ತುಂಬು ಸಂತೋಷದ ಕಂತು ಸಿಗುತ್ತದೆ. ಜಗಳವಾಡಿದವರು ಅಪ್ಪಿಕೊಳ್ಳುತ್ತಾರೆ, ಹೊಸ ಬಟ್ಟೆ ಬರುತ್ತದೆ, ಯಾರೋ ಫೋಟೊ ತೆಗೆಯುತ್ತಾರೆ. "ಇವನ ಪಾರ್ಟ್ ಮುಗೀಲತ್ತದ, ನೋಡು," ಎಂದು ಕಾಕು ಶೇಂಗಾ ಸುಲಿಯುತ್ತ ಹೇಳಿದರೆ ಮುಗಿದೇ ಹೋಗುತ್ತಿತ್ತು.

ಒಮ್ಮೆ ಮೇಲಿನ ಮನೆಯವನಿಗೆ ಬಡ್ತಿ ಸಿಕ್ಕಿ ಬಿಲ್ಡಿಂಗಿಗೆಲ್ಲ ಊಟ ಹಾಕಿದ. ನೀರಿಗಾಗಿ ದಿನಾ ಜಗಳ ತೆಗೆಯುತ್ತಿದ್ದ ಪುಣ್ಯಾತ್ಮ ಅವತ್ತು ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸಿದ, ಹಾಡು ಕೂಡ ಹೇಳಿದ. ಕಾಕು ನನ್ನ ಕಿವಿಯಲ್ಲಿ ಅದೇ ಮಾತು ಪಿಸುಗುಟ್ಟಿದಳು. ಇಬ್ಬರೂ ಬಾಯಿಗೆ ಬಟ್ಟೆ ಒತ್ತಿ ನಕ್ಕೆವು. ಅದೇ ವಾರ ವಾಳೂಜ ರಸ್ತೆಯಲ್ಲಿ ಅವನ ಸ್ಕೂಟರಿಗೆ ಟ್ರಕ್ ಬಡಿಯಿತು… ಹೆಣ ಮೆಟ್ಟಿಲ ಕೆಳಗೆ ಬಂದಾಗ ಕಾಕು ನನ್ನ ಮುಖ ನೋಡಲಿಲ್ಲ. "ನನ್ನ ನಾಲಗಿ ಸುಡ್ಲಿ," ಎಂದಷ್ಟೇ ಅಂದಳು. ಆಮೇಲೆ ಎಂದೂ ಆ ಮಾತು ಆಡಲಿಲ್ಲ.

ಸ್ವಲ್ಪ ದಿನ ಕಳೆದು ಒಂದು ರವಿವಾರ ಕಾಕಾ ಗೆಳೆಯನ ಜೀಪು ತಂದು ನಮ್ಮಿಬ್ಬರನ್ನು ದೌಲತಾಬಾದ್ ಕೋಟೆಗೆ ಕರೆದೊಯ್ದರು. ಅಲ್ಲೊಂದು ಕತ್ತಲ ದಾರಿಯಿದೆ. ಒಳಹೊಕ್ಕ ಶತ್ರುಗಳು ದಿಕ್ಕುತಪ್ಪಿ ತಮ್ಮವರನ್ನೇ ಇರಿದುಕೊಳ್ಳಲಿ ಎಂದು ಕೊರೆದದ್ದಂತೆ. ಬಾವಲಿಗಳ ನಾತ. ಕಾಕಾ ಹಾಡುತ್ತ ಮುಂದೆ ಹೋದರು. ಮನುಷ್ಯ ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳಿಸುತ್ತಿತ್ತು. ಕಾಕು ನನ್ನ ಮುಂಗೈಯನ್ನು ಬಳೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ಹೊರಗೆ ಫೋಟೊದವನು ಕಾದು ನಿಂತಿದ್ದ, ಕಾಕಾ ಫೋಟೊ ತೆಗೆಸಿದರು. ಮನೆಗೆ ಬಂದದ್ದೇ, ಯೇವಲಾದಿಂದ ಗುಟ್ಟಾಗಿ ತರಿಸಿಟ್ಟಿದ್ದ ಈ ಸೀರೆಯನ್ನು ಅವಳ ಮಡಿಲಿಗೆ ಹಾಕಿದರು.

ಕಾಕು ಬಿಳಿಚಿಕೊಂಡಳು.

"ಇಂಥಾ ಬಣ್ಣ ಯಾರ್ ಉಡ್ತಾರ್ರಿ?" ಎಂದವಳೇ ಸೀರೆಯನ್ನು ಟ್ರಂಕಿಗೆ ತುರುಕಿದಳು. ಕಾಕಾನ ಮುಖದಲ್ಲಿದ್ದ ನಗು ಆರಿಹೋಯಿತು. ಸಂಜೆಯ ಸಾರಿಗೆ ಅವಳು ಹಿಡಿ ಉಪ್ಪು ಸುರಿದದ್ದನ್ನು ನಾನೇ ಕಂಡೆ. ಕಾಕಾ ಒಂದೇ ತುತ್ತಿಗೆ ಎದ್ದುಹೋದರು. ಅವಳು ಪಾತ್ರೆ ತಿಕ್ಕುತ್ತ ಅಳುತ್ತಿದ್ದಳು. "ಕೂಸಿಗಿ ದೃಷ್ಟಿಬೊಟ್ಟು ಇಡಲ್ಲೇನು? ಹಂಗೇ ಇದು. ದಿನ ಪೂರಾ ಚಂದ ಇರಬಾರ್ದು," ಎಂದಳು.

ಮುಂದೆ ಅದೇ ರೂಢಿಯಾಯಿತು. ದೀಪಾವಳಿಯಿರಲಿ, ಕಾಕಾಗೆ ಕಂಪನಿಯಲ್ಲಿ ಶಾಲು ಹೊದಿಸಿದ ದಿನವಿರಲಿ, ಮನೆಯಲ್ಲಿ ನಗು ಸ್ವಲ್ಪ ಏರಿತು ಎಂದರೆ ಕಾಕು ಒಂದು ಚುಚ್ಚುಮಾತು ಆಡುತ್ತಿದ್ದಳು, ಇಲ್ಲವೇ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಆದರೆ ಕಾಕಾ ಮಾತ್ರ ವಾಳೂಜದಿಂದ ದಿನವೂ ಸುಖವಾಗಿ ಮನೆ ಸೇರುತ್ತಿದ್ದರು… ಅದಕ್ಕೆ ಏನು ಹೇಳುವುದು.

"ಬಣ್ಣ ಸೇರಲಿಲ್ಲ ಆಕಿಗಿ," ಎಂದರು ಈಗ ನನ್ನೆದುರು ಕೂತ ಕಾಕಾ, ಸೀಳಿದ ಸೀರೆಯನ್ನೇ ನೋಡುತ್ತ. "ನಾನೂ ಸೇರಿದ್ದಿಲ್ಲ ಅನಸ್ತದ."

ಈ ಮಾತು ಕೇಳಿ ಸುಮ್ಮನಿರಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಕಾಕಾ ಸೀರೆಯ ಮೇಲೆ ಕೈಯಾಡಿಸಿದರು. ಕಣ್ಣೊರೆಸಿಕೊಂಡರು. ಆಮೇಲೆ ನಕ್ಕರು.

"ಹಂಗಂದ್ರ ನಾ ಇಲ್ಲೀತನಕ ಬದುಕಿದ್ದು ಆಕಿ ಉಪ್ಪಿನ ಮ್ಯಾಲೇನು? ಕಡೀ ದಿನ ಸಾರು ಬರೋಬರ್ ಆಗಿತ್ತು, ನೋಡು. ಭಾಳ ಚಂದ ಆಗ್ಯಾದ ಅಂತ ನಾನೇ ಹೇಳ್ದೆ. ಮಧ್ಯಾಹ್ನ ಮಲಗಿದಾಕಿ ಏಳಲಿಲ್ಲ."

ಕಾಕುವಿನ ಲೆಕ್ಕಾಚಾರ ನನ್ನ ತಲೆಯಲ್ಲಿ ಸುಳಿಯಿತು. ಅವರಿಗೆ ಮಾತ್ರ ಎದೆಯ ಭಾರ ಇಳಿದಿತ್ತು. ನಾನು ಮಾಡಿದ ಪುಂಡಿಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ನನ್ನ ಮಗಳು, ಕನ್ನಡ ಅರ್ಥವಾದರೂ ಮರಾಠಿಯಲ್ಲೇ ಉತ್ತರ ಕೊಡುವವಳು, "ಆಜೋಬಾ, ಹಸಾ ನಾ," ಎಂದು ಅಜ್ಜನಿಗೆ ನಗಲು ಹೇಳಿ, ಪಕ್ಕ ನಿಂತು ಸೆಲ್ಫಿ ತೆಗೆದಳು. ಕಾಕಾ ಹಲ್ಲು ಕಾಣುವಂತೆ ನಕ್ಕರು. ಹೊರಡುವಾಗ ಬಾಗಿಲಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು, ಇಷ್ಟು ವರ್ಷಗಳಲ್ಲಿ ಇಂಥ ದಿನ ಕಂಡಿರಲಿಲ್ಲ ಎಂದರು. ಮೈಮೇಲೆ ಹೊಸ ಅಂಗಿಯಿತ್ತು. ಮುಂದೆ ಗಂಟೆಗಟ್ಟಲೆ ಬಸ್ಸಿನ ದಾರಿ…

"ಇಷ್ಟು ವರ್ಷದಾಗ ಒಂದ್ ಸಲ ಆದ್ರೂ ಯಾಕ ಹಿಂಗ ಮಾಡ್ತಿ ಅಂತ ಆಕಿನ್ನ ಕೇಳಬೇಕಿತ್ತಲ್ರಿ, ಕಾಕಾ," ಎಂದೆ. "ಕೇಳಲೇ ಇಲ್ಲ ನೀವು."

ನಗು ಆರಿಹೋಯಿತು. ಸೀರೆ ತಂದ ದಿನ ಕಂಡಿದ್ದ ಅದೇ ಮುಖ. ಬಗ್ಗಿ ನಿಧಾನವಾಗಿ ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡದೆ ಮೆಟ್ಟಿಲಿಳಿದು ಹೋದರು.

ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು. "ಊರು ಮುಟ್ಟೀನಿ," ಎಂದರು ಕಾಕಾ, ಅಷ್ಟೇ. ನನ್ನ ಜೀವ ಹಗುರಾಯಿತು, ಹಗುರಾದದ್ದಕ್ಕೇ ಅಳು ಬಂತು. ಒಂದೇ ಸಲಕ್ಕೆ ನನಗೆ ಇಷ್ಟು ಸಾಕಾಗಿತ್ತು. ಕಾಕು ಇದನ್ನೇ ಜೀವಮಾನವಿಡೀ ಒಬ್ಬಳೇ ಮಾಡಿದಳು, ಹೇಗೆ ತಾಳಿಕೊಂಡೆ ಎಂದು ಕೇಳೋಣವೆಂದರೆ ಈಗ ಅವಳಿಲ್ಲ. ಸೀರೆಯನ್ನು ಮತ್ತೆ ಅದೇ ಪಂಚೆಯಲ್ಲಿ ಸುತ್ತಿಟ್ಟೆ.